ಪೊಲೀಸರ ಸೇನಾ ಮಾದರಿ ಸಲಕರಣೆ: ಗುರುವಾರದ ಸಭೆಗೆ ಬನ್ನಿ

ಎಲ್ಲ ಸದಸ್ಯರಿಗೂ ನಮಸ್ಕಾರ.

ನಮ್ಮ ನಗರದ ಪೊಲೀಸ್ ಇಲಾಖೆಯು ತನ್ನಲ್ಲಿರುವ ಸೇನಾ ಮಾದರಿ ಸಲಕರಣೆಗಳ ವಾರ್ಷಿಕ ವರದಿಯನ್ನು ಚರ್ಚಿಸಲು ಬರುವ ಗುರುವಾರ ಸಂಜೆ 7 ಗಂಟೆಗೆ ಗ್ರಂಥಾಲಯದ ಸಭಾಂಗಣದಲ್ಲಿ ನಿವಾಸಿಗಳ ಸಭೆ ಕರೆದಿದೆ. ಕ್ಯಾಲಿಫೋರ್ನಿಯಾದ 2021ರ ಎಬಿ 481 (ಅಸೆಂಬ್ಲಿ ಬಿಲ್ 481) ಕಾಯ್ದೆಯಂತೆ ಕವಚ ವಾಹನ, ಡ್ರೋನ್, ಅಶ್ರುವಾಯು ಮೊದಲಾದವುಗಳ ಬಳಕೆಯ ನೀತಿಗೆ ನಗರಸಭೆಯ ಒಪ್ಪಿಗೆ ಬೇಕು. ಅವುಗಳ ಸಂಖ್ಯೆ, ವೆಚ್ಚ, ಬಳಕೆ ಹಾಗೂ ಬಂದ ದೂರುಗಳನ್ನು ಪ್ರತಿವರ್ಷ ಜನರ ಮುಂದಿಡಬೇಕು.

ಬಂದೂಕುಧಾರಿಯೊಬ್ಬ ಗುಂಡು ಹಾರಿಸುತ್ತಿರುವಾಗ ಕವಚ ವಾಹನವು ಜೀವ ಉಳಿಸುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ 2014ರ ಆಗಸ್ಟ್‌ನಲ್ಲಿ ಮಿಸೌರಿ ರಾಜ್ಯದ ಫರ್ಗುಸನ್ ನಗರದಲ್ಲಿ, ನಿರಾಯುಧನಾಗಿದ್ದ ಮೈಕೆಲ್ ಬ್ರೌನ್ ಪೊಲೀಸ್ ಗುಂಡಿಗೆ ಬಲಿಯಾದುದನ್ನು ಪ್ರತಿಭಟಿಸಿದವರ ಕಡೆಗೆ ಅಂಥದೇ ವಾಹನಗಳ ಮೇಲಿಂದ ರೈಫಲ್ ಗುರಿಯಿಟ್ಟಾಗ ಉದ್ವಿಗ್ನತೆ ತಣಿಯಲಿಲ್ಲ, ಹೆಚ್ಚಿತು. ಆದ್ದರಿಂದ ಯಾವ ಸಲಕರಣೆಯನ್ನು ಯಾವ ಸಂದರ್ಭದಲ್ಲಿ, ಯಾರ ಅನುಮತಿಯಿಂದ ಹೊರತೆಗೆಯುತ್ತಾರೆ ಎಂದು ನಾವು ಕೇಳಲೇಬೇಕು.

ದಯವಿಟ್ಟು ಇಲಾಖೆಯ ಜಾಲತಾಣದಲ್ಲಿರುವ ವರದಿಯನ್ನು ಮೊದಲೇ ಓದಿ, ನಿಮ್ಮ ಪ್ರಶ್ನೆಯನ್ನು ಮಂಗಳವಾರದೊಳಗೆ ಇಲ್ಲಿ ಬರೆಯಿರಿ. ವೀಸಾದ ಮೇಲಿರುವವರೂ ಹಿಂಜರಿಯಬೇಕಿಲ್ಲ, ಏಕೆಂದರೆ ಪ್ರಶ್ನೆ ಕೇಳುವ ಅವಕಾಶ ಸಾರ್ವಜನಿಕರೆಲ್ಲರಿಗೂ ಇದೆ. ಬರುವವರು ಹೆಸರು ತಿಳಿಸಿದರೆ ಹಿರಿಯರನ್ನು ಕರೆತರಲು ಕಾರುಗಳ ವ್ಯವಸ್ಥೆ ಮಾಡುತ್ತೇನೆ.