95 ದಿನ ಕಾಯುವುದಕ್ಕೆ 16 ಪೌಂಡ್

ಶೆಫೀಲ್ಡ್
8 ಮಾರ್ಚ್ 2026

ಚಿ. ಅನಘಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜ್ ನೋಡಿದೆ. 95 ದಿನದ ನೋಟಿಸ್ ಕ್ಯಾಶ್ ಐಸಾ ಖಾತೆ ಒಂದು ಕಣ್ಣಿಗೆ ಬಿದ್ದಿದೆ, ಬಡ್ಡಿಗೆ ಟ್ಯಾಕ್ಸ್ ಇಲ್ಲ, ಆದರೆ ಹಣ ತೆಗೆಯಲು 95 ದಿನ ಮುಂಚೆ ತಿಳಿಸಬೇಕು, ಕೂಡಿಟ್ಟ 8,000 ಪೌಂಡ್ ಹಾಕಿಬಿಡಲಾ, ಏಪ್ರಿಲ್ 5ರೊಳಗೆ ಹೇಳಿ ಅಂತ ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಲೆಕ್ಕ ಹೇಳಿದರೆ ನೀನು ಹೂಂ ಹೂಂ ಅಂದು ಮರೆತುಬಿಡುತ್ತೀಯ. ನಿನ್ನ ಅಮ್ಮನೂ ಚಿಕ್ಕವಳಿದ್ದಾಗ ಹಾಗೇ ಇದ್ದಳು. ಅದಕ್ಕೇ ಕಾಗದ ಹಿಡಿದು ಕೂತೆ.

ಮೊದಲು ಆ ಏಪ್ರಿಲ್ 5ರ ಗಡಿಬಿಡಿ ಬಿಡು. ಅವತ್ತಿಗೆ ಈ ದೇಶದ ಟ್ಯಾಕ್ಸ್ ವರ್ಷ ಮುಗಿಯುತ್ತದೆ ನಿಜ. ಆ ವರ್ಷ ಐಸಾಕ್ಕೆ ಹಾಕಬಹುದಾದ 20,000 ಪೌಂಡಿನ ಮಿತಿ ಬಳಸದಿದ್ದರೆ ಹೋಯಿತು, ಅದೂ ನಿಜ. ಆದರೆ ಮಾರನೇ ದಿನವೇ ಹೊಸ 20,000 ಸಿಗುತ್ತದೆ. ನಿನ್ನ ಹತ್ತಿರ ಇರುವುದು 8,000. ಯಾವ ಮಿತಿ ತುಂಬಿ ಹರಿಯುತ್ತಿದೆ ಅಂತ ಓಡುತ್ತಿದ್ದೀಯ? 2027ರ ಏಪ್ರಿಲ್‌ನಿಂದ 65 ತುಂಬದವರಿಗೆ ಕ್ಯಾಶ್ ಐಸಾ ಮಿತಿ 12,000ಕ್ಕೆ ಇಳಿಯುತ್ತದೆ ಅಂತ ಕಳೆದ ನವೆಂಬರ್‌ನ ಬಜೆಟ್‌ನಲ್ಲಿ ಹೇಳಿದ್ದಾರೆ. ಆಗಲೂ ನಿನ್ನ 8,000ಕ್ಕೆ ಜಾಗ ಇದ್ದೇ ಇರುತ್ತದೆ.

ನೀನು ಒಂದು ಪ್ರಶ್ನೆ ಕೇಳಿದ್ದೀಯ, ಆದರೆ ಅದರೊಳಗೆ ಎರಡಿವೆ. ಐಸಾ ಬೇಕಾ ಅನ್ನುವುದು ಒಂದು. ನೋಟಿಸ್ ಬೇಕಾ ಅನ್ನುವುದು ಇನ್ನೊಂದು. ಬ್ಯಾಂಕಿನವರು ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಟ್ಟಿದ್ದಾರೆ. ನಾವು ಬಿಚ್ಚಿ ಬೇರೆ ಬೇರೆ ನೋಡೋಣ.

ಐಸಾದ ವಿಷಯ ಮೊದಲು. ಇಲ್ಲಿ ಸಾಮಾನ್ಯ ಉಳಿತಾಯ ಖಾತೆಯ ಬಡ್ಡಿಗೂ ಒಂದಷ್ಟು ವಿನಾಯಿತಿ ಇದೆ. 2016ರಿಂದ ಬಂದದ್ದು. ಶೇ. 20 ಟ್ಯಾಕ್ಸ್ ಕಟ್ಟುವವರಿಗೆ ವರ್ಷಕ್ಕೆ 1,000 ಪೌಂಡ್ ಬಡ್ಡಿಯವರೆಗೆ ಏನೂ ಇಲ್ಲ. ಶೇ. 40ರ ಸಾಲಿಗೆ ಹೋದರೆ 500. ಶೇ. 45 ಕಟ್ಟುವವರಿಗೆ ಸೊನ್ನೆ. ನಿನ್ನ ಸಂಬಳ ವರ್ಷಕ್ಕೆ 52,000 ಅಂತ ನೀನೇ ಅಂದಿದ್ದೆ. 50,270 ದಾಟಿದರೆ ಶೇ. 40, ಆದ್ದರಿಂದ ನಿನಗೆ 500. ಪಿಂಚಣಿ ಕಂತನ್ನು ಸಂಬಳದಿಂದ ಮೊದಲೇ ಕಳೆಯುತ್ತಾರಾ ಅಂತ ಪೇಸ್ಲಿಪ್ ನೋಡು. ಹಾಗೆ ಕಳೆದು 50,270ರ ಒಳಗೆ ಬಂದರೆ ನೀನು 1,000ದ ಸಾಲಿನವಳು. ಆದರೆ ಆ ಲೆಕ್ಕಕ್ಕೆ ಬಡ್ಡಿಯೂ ಆದಾಯವೇ, ಅದನ್ನು ಸೇರಿಸಿಯೇ ನೋಡಬೇಕು.

ಈಗ ನಿನ್ನ 8,000. ಶೇ. 4 ಅಂತ ಹಿಡಿದರೂ ವರ್ಷಕ್ಕೆ 320 ಪೌಂಡ್ ಬಡ್ಡಿ. 500ರ ಒಳಗೇ ಇದೆ. ಐಸಾ ಇಲ್ಲದಿದ್ದರೂ ಒಂದು ಪೆನ್ನಿ ಟ್ಯಾಕ್ಸ್ ಬರುವುದಿಲ್ಲ. "ಟ್ಯಾಕ್ಸ್ ಫ್ರೀ" ಅಂತ ದೊಡ್ಡದಾಗಿ ಬರೆದದ್ದನ್ನು ನೋಡಿ ಮರುಳಾಗಬೇಡ. ಕಟ್ಟಬೇಕಿಲ್ಲದ ಟ್ಯಾಕ್ಸನ್ನು ಉಳಿಸಿಕೊಡುತ್ತೇವೆ ಅಂದರೆ ಏನು ಉಳಿದ ಹಾಗಾಯಿತು?

ಹಾಗಾದರೆ ಬೇಡ ಅಂತ ಬರೆದು ಮುಗಿಸುತ್ತಿದ್ದೆ. ಆಮೇಲೆ ನೆನಪಾಯಿತು, ನಿನ್ನ ಅಪ್ಪ ತುಮಕೂರಿನ ಬ್ಯಾಂಕಿನಲ್ಲಿ ನಿನ್ನ ಹೆಸರಿಗೆ ಅನಿವಾಸಿ ಭಾರತೀಯರ ಎನ್‌ಆರ್‌ಇ ಎಫ್‌ಡಿ ಮಾಡಿಸಿದ್ದಾರಲ್ವಾ, ಆರು ಲಕ್ಷದ್ದು? ಆ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ ಅಂತ ನಮ್ಮವರೆಲ್ಲ ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ನೀನು 2021ರಿಂದ ಇಲ್ಲೇ ಇದ್ದೀಯ. ಇಲ್ಲಿ ನೆಲೆಸಿದವರು ಹೊರದೇಶದ ಬಡ್ಡಿಯನ್ನೂ ಇಲ್ಲಿನ ಲೆಕ್ಕಕ್ಕೆ ತೋರಿಸಬೇಕು. ಶೇ. 6.5 ಅಂದುಕೊಂಡರೆ ವರ್ಷಕ್ಕೆ 39,000 ರೂಪಾಯಿ. ಪೌಂಡಿಗೆ 120 ರೂಪಾಯಿ ಹಿಡಿದರೆ 325 ಪೌಂಡ್. ಇಲ್ಲಿಯ 320 ಸೇರಿಸು, 645 ಆಯಿತು. 500 ದಾಟಿದ 145ಕ್ಕೆ ಶೇ. 40 ಅಂದರೆ 58 ಪೌಂಡ್ ಟ್ಯಾಕ್ಸ್. ಇಲ್ಲಿಯ ಹಣ ಐಸಾದಲ್ಲಿದ್ದರೆ ಅದರ ಬಡ್ಡಿ ಲೆಕ್ಕಕ್ಕೇ ಬರುವುದಿಲ್ಲ, 325 ಮಾತ್ರ ಉಳಿಯುತ್ತದೆ, ಟ್ಯಾಕ್ಸ್ ಇಲ್ಲ. ಅಂದರೆ ನಿನಗೆ ಐಸಾ ಬೇಕು. ನೀನು ಅಂದುಕೊಂಡ ಕಾರಣಕ್ಕಲ್ಲ, ತುಮಕೂರಿನ ಎಫ್‌ಡಿಯ ಕಾರಣಕ್ಕೆ! ಆ ಬಡ್ಡಿಯನ್ನು ಇಲ್ಲಿಯವರೆಗೆ ತೋರಿಸಿಲ್ಲವಾದರೆ ಅದನ್ನು ಸರಿಮಾಡಬೇಕಾ ಅಂತಲೂ ನೋಡಬೇಕು, ಬಂದಾಗ ಮಾತಾಡೋಣ.

ಈಗ ನೋಟಿಸ್. ಇದರ ಬಗ್ಗೆ ನನಗೆ ಹಳೇ ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

1994ರಲ್ಲಿ ನಾನು ಇಲ್ಲಿಯ ಆಸ್ಪತ್ರೆಯ ಫಾರ್ಮಸಿಯಲ್ಲಿದ್ದೆ. ಬ್ಯಾಂಕಿನಂಥದ್ದೇ ಒಂದು ಬಿಲ್ಡಿಂಗ್ ಸೊಸೈಟಿಯಲ್ಲಿ 90 ದಿನದ ನೋಟಿಸ್ ಖಾತೆ ತೆರೆದಿದ್ದೆ. ಮಾಮೂಲಿ ಖಾತೆಗಿಂತ ಸ್ವಲ್ಪ ಜಾಸ್ತಿ ಬಡ್ಡಿ. ಇದ್ದದ್ದನ್ನೆಲ್ಲ ಅದಕ್ಕೇ ಸುರಿದಿದ್ದೆ. ಒಂದು ಗುರುವಾರ ರಾತ್ರಿ ನಿನ್ನ ಅಜ್ಜಿಯ ಫೋನ್ ಬಂತು, ತಾತನಿಗೆ ಸ್ಟ್ರೋಕ್ ಆಗಿದೆ, ಹೊರಟು ಬಾ ಅಂತ. ಬೆಳಿಗ್ಗೆ ಪಾಸ್‌ಬುಕ್ ಹಿಡಿದು ಹೋದೆ. ಕೊಡುತ್ತೇವೆ, ಆದರೆ 90 ದಿನದ ಬಡ್ಡಿ ಕಳೆಯುತ್ತೇವೆ ಅಂದರು. ಕಳೀರಿ ಅಂದೆ. ಚೆಕ್ ಬರೆದುಕೊಟ್ಟರು! ಅದು ಕ್ಲಿಯರ್ ಆಗಲು ಇನ್ನೂ ನಾಲ್ಕೈದು ದಿನ. ನನ್ನದೇ ದುಡ್ಡು, ಕೈಗೆ ಬಂದರೂ ಬಾಯಿಗೆ ಬರಲಿಲ್ಲ. ಕೊನೆಗೆ ವಾರ್ಡಿನ ಸಿಸ್ಟರ್ ಒಬ್ಬರು ಟಿಕೆಟ್ಟಿಗೆ ಸಾಲ ಕೊಟ್ಟರು. ಆಗ ಲಂಡನ್‌ನಿಂದ ಬೆಂಗಳೂರಿಗೆ ನೇರ ವಿಮಾನವೂ ಇರಲಿಲ್ಲ. ಬಾಂಬೆಗೆ ಇಳಿದು, ಅಲ್ಲಿ ರಾತ್ರಿಯೆಲ್ಲ ಕಾದು, ತುಮಕೂರು ಮುಟ್ಟುವಾಗ ತಾತನಿಗೆ ಮಾತು ನಿಂತಿತ್ತು. ಸೋಮವಾರದ ತನಕ ಮಾತಾಡುತ್ತಿದ್ದರಂತೆ.

ಈಗ ಚೆಕ್ಕಿನ ಕಾಟ ಇಲ್ಲ, ಎಲ್ಲ ಮೊಬೈಲಿನಲ್ಲೇ. ಆದರೆ ನೋಟಿಸಿನ ಲೆಕ್ಕ ಬದಲಾಗಿಲ್ಲ. ಅದನ್ನು ನಿನ್ನ ಹಣದ ಮೇಲೆ ಹಾಕಿ ನೋಡಿದೆ. ಬೇಕಾದಾಗ ತೆಗೆಯಬಹುದಾದ ಐಸಾಕ್ಕೆ ಶೇ. 4, ನೋಟಿಸ್ ಐಸಾಕ್ಕೆ ಶೇ. 4.2 ಅಂತ ಇಟ್ಟುಕೋ. 8,000ದ ಮೇಲೆ ವರ್ಷಕ್ಕೆ 16 ಪೌಂಡ್ ಜಾಸ್ತಿ ಬರುತ್ತದೆ. ತಿಂಗಳಿಗೆ ಒಂದೂಕಾಲು ಪೌಂಡ್ ಚಿಲ್ಲರೆ. ಮಧ್ಯದಲ್ಲಿ ಒಂದು ಸಲ ತುರ್ತಾಗಿ ಎಲ್ಲ ತೆಗೆದು 95 ದಿನದ ಬಡ್ಡಿ ಕಳೆದುಕೊಂಡರೆ ಸುಮಾರು 87 ಪೌಂಡ್ ಹೋಗುತ್ತದೆ. ಐದು ವರ್ಷಕ್ಕೂ ಮೀರಿ ಕೂಡಿಸಿದ 16ಗಳು ಒಂದೇ ದಿನಕ್ಕೆ ಖಾಲಿ. ಖಾತೆ ತೆರೆದು ಜಾಸ್ತಿ ದಿನ ಆಗಿರದಿದ್ದರೆ ಅಸಲಿಗೇ ಕೈ ಹಾಕುತ್ತಾರೆ.

ಇದನ್ನು ನಮ್ಮೂರಿನ ಎಫ್‌ಡಿ ಅಂತ ತಿಳಿಯಬೇಡ. ಎಫ್‌ಡಿಯಲ್ಲಿ ಹಣ ಕಟ್ಟಿಹಾಕಿದ್ದಕ್ಕೆ ಬಡ್ಡಿ ದರವೂ ಕಟ್ಟುಬಿದ್ದಿರುತ್ತದೆ. ನೋಟಿಸ್ ಖಾತೆಯಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ನೀನು 95 ದಿನ ಅಲ್ಲಾಡುವ ಹಾಗಿಲ್ಲ, ಬ್ಯಾಂಕಿನವರು ಮಾತ್ರ ದರ ಇಳಿಸಬಹುದು. ನಿಯಮಗಳ ಹಾಳೆಯಲ್ಲಿ, ದರ ಇಳಿಸುವ ಎಷ್ಟು ದಿನ ಮುಂಚೆ ತಿಳಿಸುತ್ತಾರೆ ಅಂತ ಹುಡುಕು. ಅದು 95ಕ್ಕಿಂತ ಕಡಿಮೆ ಇದ್ದರೆ, ಇಳಿದ ಬಡ್ಡಿಯಲ್ಲೇ ನೀನು ಕೂತು ದಿನ ಎಣಿಸಬೇಕು. ಅಷ್ಟು ಕಟ್ಟುಪಾಡು ಒಪ್ಪುವುದೇ ಆದರೆ ಒಂದು ವರ್ಷದ ಫಿಕ್ಸೆಡ್ ಐಸಾನೇ ವಾಸಿ. ಅದನ್ನೂ ಮಧ್ಯದಲ್ಲಿ ಮುರಿಸಬಹುದು. ಬಡ್ಡಿ ಹಿಡಿದುಕೊಂಡಾದರೂ ಕೊಡಲೇಬೇಕು, ಐಸಾ ನಿಯಮವೇ ಹಾಗಿದೆ.

ನೋಟಿಸ್ ಯಾವಾಗಲೂ ದಂಡ ಅಂತ ನಾನು ಹೇಳುವುದಿಲ್ಲ. ತಾರೀಖು ಗೊತ್ತಿರುವ ಖರ್ಚಿಗೆ ಅದು ಸರಿಹೊಂದುತ್ತದೆ. ನಿನ್ನ ವೀಸಾನೇ ನೋಡು. ನವೆಂಬರ್‌ನಲ್ಲಿ ಮುಂದುವರಿಸಬೇಕು, ಆರೋಗ್ಯದ ಸರ್‌ಚಾರ್ಜ್ ಒಂದೇ ವರ್ಷಕ್ಕೆ 1,035 ಪೌಂಡ್, ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು, 3,105. ಜುಲೈನಲ್ಲೇ ನೋಟಿಸ್ ಕೊಟ್ಟು ಕೂತರೆ ಹೊತ್ತಿಗೆ ಸರಿಯಾಗಿ ಹಣ ಬರುತ್ತದೆ. ಆದರೆ ಶೇ. 0.2ರ ಹೆಚ್ಚಿಗೆ 3,105ರ ಮೇಲೆ ವರ್ಷಕ್ಕೇ ಆರು ಪೌಂಡ್. ಆರು ಪೌಂಡಿಗೆ ಕ್ಯಾಲೆಂಡರ್ ನೋಡುತ್ತಾ ಕೂರಬೇಕಾ? ವ್ಯತ್ಯಾಸ ಶೇ. 1ರ ಹತ್ತಿರ ಇದ್ದಿದ್ದರೆ, ವರ್ಷಕ್ಕೂ ಮೇಲೆ ಮುಟ್ಟದ ಹಣ ಆಗಿದ್ದರೆ ನಾನೇ ಹಾಕು ಅನ್ನುತ್ತಿದ್ದೆ.

ಹಾಗಾಗಿ ಹೀಗೆ ಮಾಡು. ಬೇಕಾದಾಗ ತೆಗೆಯುವ ಐಸಾ ಒಂದು ತೆರೆ. "ಫ್ಲೆಕ್ಸಿಬಲ್" ಅಂತ ಇದೆಯಾ ನೋಡಿಕೋ. ಇದ್ದರೆ ತೆಗೆದ ಹಣವನ್ನು ಅದೇ ಟ್ಯಾಕ್ಸ್ ವರ್ಷದಲ್ಲಿ ಮಿತಿ ಕಳೆದುಕೊಳ್ಳದೆ ವಾಪಸ್ ಹಾಕಬಹುದು. ಮೊದಲ ವರ್ಷಕ್ಕೆ ಬೋನಸ್ ಸೇರಿಸಿ ದರ ದೊಡ್ಡದಾಗಿ ಕಾಣಿಸಿದ್ದಾರಾ ಅಂತಲೂ ನೋಡು. ಮುಂದೆ ಬೇರೆ ಬ್ಯಾಂಕಿಗೆ ಬದಲಾಯಿಸುವಾಗ ನೀನಾಗಿ ಹಣ ತೆಗೆಯಬೇಡ, ತೆಗೆದರೆ ಅದರ ಐಸಾ ಅನ್ನುವ ಗುಣ ಹೋಗುತ್ತದೆ. ಹೊಸ ಬ್ಯಾಂಕಿಗೆ ಟ್ರಾನ್ಸ್‌ಫರ್ ಫಾರ್ಮ್ ಕೊಡು, ಅವರೇ ತರಿಸಿಕೊಳ್ಳುತ್ತಾರೆ. ಬ್ಯಾಂಕ್ ಮುಳುಗಿದರೆ ಅನ್ನುವ ಭಯ ನಿನಗೆ ಬೇಡ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 1,20,000 ಪೌಂಡ್ ತನಕ ರಕ್ಷಣೆ ಇದೆ.

ಒಂದು ಸಾವಿರವನ್ನು ಮಾತ್ರ ಐಸಾದಲ್ಲೂ ಇಡಬೇಡ, ಸಂಬಳದ ಬ್ಯಾಂಕಿನಲ್ಲೇ ಬೇರೆ ಉಳಿತಾಯ ಖಾತೆಯಲ್ಲಿ ಇಟ್ಟಿರು. ಅದು ನಿನ್ನ ಅಜ್ಜಿಯ ಸಾಸಿವೆ ಡಬ್ಬಿ. ರಾತ್ರಿ ಹನ್ನೊಂದಕ್ಕೆ ಟಿಕೆಟ್ ತೆಗೆಯಬೇಕಾದರೆ ಸಿಗಬೇಕು.

ಮೂರು ವರ್ಷ ಇದ್ದು ಊರಿಗೆ ಹೊರಡುತ್ತೇನೆ ಅಂತ ನೀನು ಅಂದಿದ್ದೆ. ಅದು ಗಟ್ಟಿಯಾದರೆ ಇನ್ನೊಂದು ವಿಷಯ. ಇಲ್ಲಿ ನೆಲೆ ಬಿಟ್ಟ ಮೇಲೆ ಐಸಾಕ್ಕೆ ಹೊಸದಾಗಿ ಹಣ ಹಾಕುವ ಹಾಗಿಲ್ಲ, ಇದ್ದದ್ದು ಇರಬಹುದು. ಆದರೆ ಭಾರತದ ಟ್ಯಾಕ್ಸಿನವರಿಗೆ ಐಸಾ ಅಂದರೆ ಬರೀ ಒಂದು ಬ್ಯಾಂಕ್ ಖಾತೆ. ಅಲ್ಲಿ ಪೂರ್ತಿ ನಿವಾಸಿಯಾದ ಮೇಲೆ ಆ ಬಡ್ಡಿಗೂ ಕಟ್ಟಬೇಕು. ಇಲ್ಲ, ಇಲ್ಲೇ ಮನೆ ಕೊಳ್ಳುತ್ತೇನೆ ಅಂದರೆ ಲೈಫ್‌ಟೈಮ್ ಐಸಾ ನೋಡಬೇಕಾಗುತ್ತದೆ, 4,000 ಹಾಕಿದರೆ ಸರ್ಕಾರ 1,000 ಸೇರಿಸುತ್ತದೆ. ಆದರೆ ಮನೆ ಕೊಳ್ಳದೆ 60 ವರ್ಷದೊಳಗೆ ತೆಗೆದರೆ ಒಟ್ಟಿನ ಕಾಲು ಭಾಗ ಹಿಡಿದುಕೊಳ್ಳುತ್ತಾರೆ, ಸರ್ಕಾರದ 1,000ದ ಜೊತೆ ನಿನ್ನದೇ 250 ಹೋಗುತ್ತದೆ. ಊರೋ ಇಲ್ಲಿಯೋ ಅಂತ ತೂಗುತ್ತಿರುವಾಗ ಅದರ ತಂಟೆ ಬೇಡ.

ಎಫ್‌ಡಿ ರಸೀದಿಯ ಫೋಟೋ ನಿನ್ನ ಅಪ್ಪನ ಹತ್ತಿರ ತರಿಸಿಕೊಂಡು ಇಟ್ಟಿರು. ಯುಗಾದಿ ಗುರುವಾರ ಬಂದಿದೆ, ನಿನಗೆ ರಜೆ ಇಲ್ಲ ಅಂತ ಗೊತ್ತು. ಶನಿವಾರ ಲೀಡ್ಸಿನಿಂದ ಬೆಳಗಿನ ರೈಲು ಹತ್ತು. ಒಬ್ಬಟ್ಟು ಅವತ್ತೇ ಮಾಡುತ್ತೇನೆ. ಪೇಸ್ಲಿಪ್ ತರುವುದು ಮರೆಯಬೇಡ.

ಇಂತಿ,
ನಿನ್ನ ದೊಡ್ಡಮ್ಮ