ಸ್ಕ್ಯಾನ್ ಮಾಡಿದರೆ ಸಾಲದು, ಹುಡುಕಿದಾಗ ಸಿಗಬೇಕು

ಮಾನ್ಯ ಸಂಪಾದಕರೇ,

ಡಿಜಿಟಲ್ ಗ್ರಂಥಾಲಯ ಎಂದ ಕೂಡಲೇ ಎಷ್ಟು ಪುಸ್ತಕ ಸ್ಕ್ಯಾನ್ ಆಯಿತು ಎಂಬ ಲೆಕ್ಕ ಬರುತ್ತದೆ. ಹುಡುಕಿದರೆ ಸಿಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಮೊನ್ನೆ ಒಂದು ತಾಣದಲ್ಲಿ ‘ಮರ’ ಎಂದು ಹುಡುಕಿದೆ. ‘ಮರದ’, ‘ಮರಗಳಲ್ಲಿ’ ಎಂದಿದ್ದ ಪುಟಗಳು ಬರಲೇ ಇಲ್ಲ. ಪುಸ್ತಕ ಮಾತ್ರ ಅಲ್ಲೇ ಇತ್ತು! ಇನ್ನೊಂದು ಕಡೆ ಒತ್ತಕ್ಷರವನ್ನು ಯಂತ್ರ ತಪ್ಪಾಗಿ ಓದಿ, ಲೇಖಕರ ಹೆಸರೇ ಕೆಟ್ಟಿತ್ತು. ಇನ್ನು ಹುಡುಕಿ ಏನು ಪ್ರಯೋಜನ, ಅಲ್ವಾ?

ಈ ವಿಷಯದಲ್ಲಿ ಸಂಶೋಧನೆಗೆ ಕೊರತೆಯಿಲ್ಲ. ಹುಡುಕಾಟ ಎಷ್ಟು ಸರಿಯಾಗಿದೆ ಎಂದು ಅಳೆಯುವ ಪ್ರಯೋಗವನ್ನು 1960ರ ದಶಕದಲ್ಲೇ ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ನಡೆಸಿದ್ದರು. ಅವರು ಲೈಬ್ರರಿಯನ್ ಆಗಿದ್ದವರು ಎಂಬುದು ನನಗೆ ಜಾಸ್ತಿ ಇಷ್ಟ. ಹುಡುಕುವಾಗ ಎಲ್ಲೆಡೆ ಬರುವ ಪದಕ್ಕಿಂತ ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕು ಎಂದು ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲೇ ತೋರಿಸಿದರು.

ಕ್ರಾನ್‌ಫೀಲ್ಡ್ ದಾರಿ ಸರಳ. ಓದುಗರು ಕೇಳುವ ಒಂದಷ್ಟು ಪ್ರಶ್ನೆ, ಪ್ರತಿಯೊಂದಕ್ಕೂ ಬರಬೇಕಾದ ಪುಸ್ತಕಗಳ ಪಟ್ಟಿ. ಬಂದದ್ದೆಷ್ಟು, ತಪ್ಪಿಹೋದದ್ದೆಷ್ಟು ಎಂದು ಎಣಿಸಬೇಕು. ತಾಣ ಉದ್ಘಾಟಿಸುವ ಮೊದಲು ಇಷ್ಟಾದರೂ ಮಾಡಿ, ಫಲಿತಾಂಶವನ್ನು ಓದುಗರಿಗೂ ತೋರಿಸಲಿ.

– ಒಬ್ಬ ಓದುಗ