ತೂಕ ಕೇಳದೆ ಚಿಗಟದ ಔಷಧ ಕೊಡಬೇಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತು ಅಂದರೆ ನಮ್ಮ ದಾವಣಗೆರೆಯಲ್ಲಿ ನಾಯಿ ಸಾಕಿದವರ ಮನೆಯಲ್ಲೆಲ್ಲ ಚಿಗಟದ ಗೋಳು. ಬೇಸಿಗೆಯ ಒಣ ಬಿಸಿಲಿಗೆ ಅದರ ಮರಿಗಳು ಒಣಗಿ ಸಾಯುತ್ತವೆ. ನೆಲ ತಂಪಾಯಿತೋ, ಮತ್ತೆ ಶುರು. ಇದಕ್ಕೆ ಊರಿನಲ್ಲಿ ಔಷಧ ಮಾರುತ್ತಿರುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ.

ನಿಟುವಳ್ಳಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಮಷೀನಿನ ಕೆಳಗೆ ಚಿಂದಿ ಬಟ್ಟೆಯ ರಾಶಿ, ಅದರ ಮೇಲೆ ನಮ್ಮ ನಾಯಿ ಕರಿಯ, ಅವನ ಹೊಟ್ಟೆಗೆ ಒತ್ತಿಕೊಂಡು ಬೆಕ್ಕು. ಈ ಸಲ ಕರಿಯ ಬಾಲದ ಬುಡವನ್ನು ಕಚ್ಚಿ ಕಚ್ಚಿ ಕೂದಲೇ ಇಲ್ಲದ ಹಾಗೆ ಮಾಡಿಕೊಂಡ. ಔಷಧದ ಅಂಗಡಿಗೆ ಹೋದೆ. ‘ನಾಯಿಗೆ ಚಿಗಟ’ ಅಂದಿದ್ದೇ ತಡ, ಕತ್ತಿನ ಹಿಂದೆ ಹಾಕುವ ಹನಿಯ ಟ್ಯೂಬ್ ಕೈಗಿಟ್ಟರು. ದೊಡ್ಡ ನಾಯಿಯ ಅಳತೆಯದು. ನಮ್ಮದು ಹತ್ತು ಕೆಜಿ ಕೂಡ ತೂಗಲ್ಲ ಅಂದೆ. ‘ಅರ್ಧ ಹಾಕಿ ಅಕ್ಕಾ, ಉಳಿದದ್ದು ಮುಂದಿನ ತಿಂಗಳಿಗೆ ಇಡಿ’ ಅಂದರು. ಒಂದು ರವಿಕೆಯನ್ನೂ ಕಣ್ಣಂದಾಜಿನಲ್ಲಿ ಕತ್ತರಿಸುವವಳಲ್ಲ ನಾನು. ಟ್ಯೂಬ್ ವಾಪಸ್ ಕೊಡುವ ಮುಂಚೆ ಅದರ ಫೋಟೊ ತೆಗೆದುಕೊಂಡೆ. ಎಲ್ಲ ಇಂಗ್ಲಿಷ್, ಅದೂ ಇರುವೆ ಸಾಲಿನಂಥ ಅಕ್ಷರ.

ಫೋಟೊ ನೋಡಿದ ಪಶುವೈದ್ಯರು ಮೊದಲು ಕೇಳಿದ್ದು, ‘ಮನೆಯಲ್ಲಿ ಬೆಕ್ಕಿದೆಯಾ?’ ಅಂತ. ಅದರಲ್ಲಿ ಪರ್ಮೆತ್ರಿನ್ ಅನ್ನುವ ಕೀಟನಾಶಕ ಇತ್ತು. ನಾಯಿಗೆ ಅದು ಒಗ್ಗುತ್ತದೆ, ಬೆಕ್ಕಿಗೆ ವಿಷ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಕಡಿಮೆ. ಮೈ ಅದುರುತ್ತದೆ, ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ಬೆಕ್ಕಿಗೇ ಹಾಕಬೇಕು ಅಂತಿಲ್ಲ. ಔಷಧ ಹಾಕಿದ ನಾಯಿಯನ್ನು ಅದು ನೆಕ್ಕಿದರೂ, ಒತ್ತಿಕೊಂಡು ಮಲಗಿದರೂ ಅಪಾಯ. ಅಂಗಡಿಯಲ್ಲಿ ಈ ಪ್ರಶ್ನೆ ಯಾರೂ ಕೇಳಲೇ ಇಲ್ಲ.

ವೈದ್ಯರು ಕರಿಯನನ್ನು ತೂಗಿ, ಅವನ ಅಳತೆಯ ಫಿಪ್ರೊನಿಲ್ ಮತ್ತು ಮೆಥೊಪ್ರಿನ್ ಇರುವ ಹನಿ ಬರೆದುಕೊಟ್ಟರು. ಫಿಪ್ರೊನಿಲ್ ದೊಡ್ಡ ಚಿಗಟವನ್ನು ಕೊಲ್ಲುತ್ತದೆ, ಮೆಥೊಪ್ರಿನ್ ಮೊಟ್ಟೆ ಒಡೆಯದ ಹಾಗೆ ನೋಡಿಕೊಳ್ಳುತ್ತದೆ. ಈ ಔಷಧ ಚರ್ಮದ ಜಿಡ್ಡಿನಲ್ಲಿ ಸೇರಿ ನಿಲ್ಲುತ್ತದಂತೆ. ಹಾಗಾಗಿ ಹಾಕುವ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಬೇಡ. ತಿನ್ನಿಸುವ ಮಾತ್ರೆಗಳೂ ಇವೆ. ಅಫೊಕ್ಸೊಲನರ್ ಇರುವುದು ತಿಂಗಳಿಗೊಂದು, ಫ್ಲೂರಲನರ್ ಇರುವುದು ಹನ್ನೆರಡು ವಾರಕ್ಕೆ ಒಂದು. ಸ್ನಾನದ ತಂಟೆ ಇಲ್ಲ, ದುಡ್ಡು ಮಾತ್ರ ಜಾಸ್ತಿ. ಆದರೆ ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಡಾಕ್ಟರಿಗೆ ಹೇಳಬೇಕು. 2018ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗೆಯ ಮಾತ್ರೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಇನ್ನು ಬಾಟಲಿಯಲ್ಲಿ ಬರುವ ಅಮಿಟ್ರಾಜ್ ಉಣ್ಣಿ ಹುಳಕ್ಕೆ, ಕಜ್ಜಿಗೆ ಇರುವ ಔಷಧ. ಚಿಗಟಕ್ಕೆ ಅದನ್ನು ಕೊಡುವುದು ಸುಮ್ನೆ ದಂಡ.

ಇದಕ್ಕಿಂತ ಹೆದರಿಕೆಯ ಸಂಗತಿ ಗೊಬ್ಬರದ ಅಂಗಡಿಯದು. ನಮ್ಮ ಸುತ್ತಮುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಬೆಳೆ ತಿನ್ನುವ ಸೈನಿಕ ಹುಳಕ್ಕೆ ತಂದ ಔಷಧ ಮನೆಯ ಮೂಲೆಯಲ್ಲಿ ಉಳಿದಿರುತ್ತದೆ. ಅದನ್ನೇ ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಿ ನಾಯಿಯ ಮೈ ತೊಳೆಯುವವರನ್ನು ನಾನು ನೋಡಿದ್ದೇನೆ. ಬ್ಲೌಸ್ ಹೊಲಿಸಲು ಬಂದವರೊಬ್ಬರು ಇದನ್ನು ಮನೆಮದ್ದು ಅನ್ನುವ ಹಾಗೆ ನನಗೂ ಹೇಳಿಕೊಟ್ಟರು! ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಜೊಲ್ಲು ಸುರಿಯುವುದು, ಮೈ ನಡುಗುವುದು, ಕಾಲು ಸೋಲುವುದು ಕಂಡರೆ ತಡಮಾಡದೆ, ಔಷಧದ ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಬೇಕು. ಸೀಮೆಎಣ್ಣೆ ಹಚ್ಚುವುದೂ ಇದೇ ಜಾತಿಯ ಕೆಲಸ, ಚರ್ಮ ಸುಡುತ್ತದೆ.

ಜನ ಇಷ್ಟು ರೋಸಿಹೋಗಲು ಒಂದು ಕಾರಣ ಇದೆ ಅನ್ನಿ. ಔಷಧ ಹಾಕಿದ ಮೇಲೂ ಚಿಗಟ ಕಾಣುತ್ತಲೇ ಇರುತ್ತದೆ. ‘ಡೂಪ್ಲಿಕೇಟ್ ಮಾಲು’ ಅಂತ ಬೈದು ಮತ್ತೆ ಅಂಗಡಿಗೆ ಹೋಗುತ್ತಾರೆ. ಅವರು ಅದಕ್ಕಿಂತ ಸ್ಟ್ರಾಂಗ್ ಆದದ್ದನ್ನು ಕೊಡುತ್ತಾರೆ. ಒಂದರ ಮೇಲೊಂದು ವಿಷ ನಾಯಿಯ ಮೈಮೇಲೆ. ನಿಜ ಏನೆಂದರೆ, ನಾಯಿಯ ಮೈಮೇಲೆ ಕಾಣುವ ಚಿಗಟ ನೂರಕ್ಕೆ ಐದು ಪಾಲು ಇರಬಹುದು, ಅಷ್ಟೆ. ಉಳಿದದ್ದೆಲ್ಲ ಮೊಟ್ಟೆ, ಮರಿ, ಗೂಡಾಗಿ ನೆಲದ ಸಂದಿಯಲ್ಲಿ, ಚಾಪೆಯಲ್ಲಿ, ಗೋಣಿಚೀಲದಲ್ಲಿ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಮರಿ ತನ್ನ ಸುತ್ತ ಕಟ್ಟಿಕೊಂಡ ಗೂಡಿನೊಳಗೆ ಇರುವುದಕ್ಕೆ ಯಾವ ಔಷಧವೂ ಸರಿಯಾಗಿ ತಟ್ಟುವುದಿಲ್ಲ, ತಿಂಗಳುಗಟ್ಟಲೆ ಹಾಗೇ ಕಾದಿರುತ್ತದೆ. ನನ್ನ ಚಿಂದಿ ರಾಶಿಗಿಂತ ಒಳ್ಳೆಯ ಜಾಗ ಅದಕ್ಕೆ ಬೇಕಾ? ರಾಶಿ ಖಾಲಿ ಮಾಡಿದೆ. ಕರಿಯನ ಹಾಸಿಗೆಯನ್ನು ವಾರವಾರ ಬಿಸಿನೀರಿನಲ್ಲಿ ಒಗೆಯುತ್ತೇನೆ, ಸಂದಿಗೊಂದಿ ಗುಡಿಸಿ ಕಸ ಹೊರಗೆ ಹಾಕುತ್ತೇನೆ. ಇಷ್ಟು ಮಾಡಿದರೂ ಎರಡು ಮೂರು ತಿಂಗಳು ಅಲ್ಲೊಂದು ಇಲ್ಲೊಂದು ಹಾರುತ್ತದೆ, ಔಷಧವನ್ನು ತಿಂಗಳು ತಪ್ಪದೆ ಹಾಕುತ್ತಿರಬೇಕು ಅಂತ ವೈದ್ಯರು ಹೇಳಿದ್ದಾರೆ. ಈ ಮಾತನ್ನು ಮಾರುವವರೇ ಹೇಳಿದ್ದರೆ ಎಷ್ಟೋ ನಾಯಿಗಳ ಮೈ ಉಳಿಯುತ್ತಿತ್ತು, ಅಲ್ವಾ?

ಅಂಗಡಿಯವರಲ್ಲಿ ನಾನು ಕೇಳುವುದು ಕಷ್ಟದ್ದೇನಲ್ಲ. ನಾಯಿಯ ತೂಕ ಎಷ್ಟು, ವಯಸ್ಸು ಎಷ್ಟು, ಮನೆಯಲ್ಲಿ ಬೆಕ್ಕಿದೆಯಾ, ಈಗಾಗಲೇ ಏನು ಹಾಕಿದ್ದೀರಿ ಅಂತ ಕೇಳಿ ಕೊಡಲಿ. ಗೊತ್ತಾಗದಿದ್ದರೆ ವೈದ್ಯರ ಹತ್ತಿರ ಕಳಿಸಲಿ. ಕಂಪನಿಗಳು ಡಬ್ಬಿಯೊಳಗೆ ಕನ್ನಡದ ಚೀಟಿ ಇಡಲಿ. ಪಶುಪಾಲನಾ ಇಲಾಖೆಯವರಿಗೂ ಒಂದು ಕೋರಿಕೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೆ ಲಸಿಕೆ ಹಾಕುವಾಗ ಪಕ್ಕದಲ್ಲಿ ಒಂದು ತೂಕದ ಯಂತ್ರ ಇಡಿ. ಹೇಗೂ ನಾಯಿಗಳು ಬಂದಿರುತ್ತವೆ. ಲಸಿಕೆ ಕಾರ್ಡಿನ ಮೇಲೆ ತೂಕ ಬರೆದುಕೊಟ್ಟರೆ ಸಾಕು, ಅಂಗಡಿಗೆ ಅದನ್ನೇ ತೋರಿಸುತ್ತೇವೆ.

ಇಂತಿ,
ಹೊಲಿಗೆ ಅಂಗಡಿಯ ಓದುಗಿ
ನಿಟುವಳ್ಳಿ, ದಾವಣಗೆರೆ